ಸತ್ತವನ ಸ್ಕೀ, ಮೊಳೆ ಕಳಚಿದ ಟೈರು

“ಕೆಳಗಿಡು,” ಎಂದಳು ಇಂಗುನ್.

“ಯಾಕೆ? ಭಾರ ಹೊತ್ತಿರೋದು ನಾನು, ಬೆವರ್ತಿರೋದು ನೀನಾ?” ಎಂದ ಸಿಗ್ವಾರ್ಟ್. ಅವನ ಕಂಕುಳಲ್ಲಿ ಹಿಮದ ಮೇಲೆ ಜಾರುವ ಒಂದು ಜೊತೆ ಉದ್ದನೆಯ ಸ್ಕೀ, ಕೈಯಲ್ಲಿ ಅರ್ಧ ಕಚ್ಚಿದ ವಾಫಲ್, ಮುಖದ ತುಂಬ ಅಗ್ಗಕ್ಕೆ ಹೊಡೆದುಕೊಂಡವನ ಕಳೆ.

“ಎರಡನೇ ಸಲ ಹೇಳ್ತಿದೀನಿ, ಸ್ಕೀ ಕೆಳಗಿಡು. ಮೂರನೇ ಸಲ ಬಾಯಲ್ಲಿ ಹೇಳಲ್ಲ.”

ಸಿಗ್ವಾರ್ಟ್ ವಾಫಲನ್ನು ಕೆಳಗಿಟ್ಟ. ಸ್ಕೀಯನ್ನಲ್ಲ.

ಬಾಗಿಲು ಇನ್ನೂ ತೆರೆದಿರಲಿಲ್ಲ. ಹೊರಗೆ ಶಾಲೆಯ ಅಂಗಳದ ಕೊರೆಯುವ ಚಳಿಯಲ್ಲಿ ಅರ್ಧ ಕಣಿವೆಯೇ ಸಾಲುಗಟ್ಟಿ, ಕಾಲು ಕುಟ್ಟುತ್ತ ನಿಂತಿತ್ತು. ಒಳಗೆ ವ್ಯಾಯಾಮದ ಹಾಲಿನಲ್ಲಿ ಹಳೆ ಸ್ಕೀ, ಹಳೆ ಬೂಟು, ಹಳೆ ಸೈಕಲ್ಲುಗಳ ನಡುವೆ ‘ದುಡಿದವರ ಗಂಟೆ’ ನಡೆಯುತ್ತಿತ್ತು. ಮೇಜು ಹೊತ್ತವರು, ಚೀಟಿ ಕಟ್ಟಿದವರು, ವಾಫಲ್ ಹಿಟ್ಟು ಕಲಸಿದವರು ಊರಿಗಿಂತ ಮೊದಲು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಯಾವ ಕಾನೂನಿನಲ್ಲೂ ಇಲ್ಲದ ಪದ್ಧತಿ ಇದು, ಆದರೆ ಮುರಿಯುವ ಧೈರ್ಯ ಪಾದ್ರಿಗೂ ಇಲ್ಲ. ಶಾಲೆಯ ಬ್ಯಾಂಡಿಗೆ ಹೊಸ ಡೋಲು ಬರಲೆಂದು ಕಣಿವೆಗೆ ಕಣಿವೆಯೇ ಹಳೆಯದನ್ನು ಕೊಳ್ಳುವ ದಿನ.

ಕಣಿವೆಯ ಪೊಲೀಸ್ ಅಧಿಕಾರಿ ಇಂಗುನ್ ಈ ದಿನ ಸಮವಸ್ತ್ರದಲ್ಲಿರಲಿಲ್ಲ. ಹೂಹೂವಿನ ಏಪ್ರನ್ ಕಟ್ಟಿಕೊಂಡು, ಬಾಯಲ್ಲಿ ದಾರ ಕಚ್ಚಿಕೊಂಡು ಬೆಲೆಚೀಟಿ ಕಟ್ಟುತ್ತಿದ್ದಳು. ಆ ಸ್ಕೀಯ ಪಕ್ಕೆಯಲ್ಲಿ ಚಾಕುವಿನಿಂದ ಕೊರೆದ ಮೂರು ಗೀರು ಕಣ್ಣಿಗೆ ಬಿದ್ದ ಕ್ಷಣ ದಾರ ಬಾಯಿಂದ ಜಾರಿತ್ತು.

ಮೂರು ಗೀರು. ಕಾಲು ಜಾರದಂತೆ ಹಿಡಿಯುವ ಮೇಣವನ್ನು ಎಲ್ಲಿಂದ ಎಲ್ಲಿಯವರೆಗೆ ಬಳಿಯಬೇಕೆಂಬುದು ಸ್ಕೀ ಹಾಕುವವನ ಭಾರದ ಮೇಲೆ ಹೋಗುತ್ತದೆ. ಉಳಿದವರು ಅದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡರೆ ಐಲಿಫನ ಅಪ್ಪ ಮಾತ್ರ ಮಗನ ಸ್ಕೀಗೆ ಚಾಕುವಿನಲ್ಲಿ ಕೊರೆಯುತ್ತಿದ್ದ. ಎಂಟು ತಿಂಗಳಿಂದ ಈ ಮೂರು ಗೀರು ಇಂಗುನ್‌ಳ ನಿದ್ದೆಯಲ್ಲೂ ಬರುತ್ತಿದ್ದವು.

ಕಳೆದ ಮಾರ್ಚ್‌ನಲ್ಲಿ ಈ ಸ್ಕೀ ತೊಟ್ಟು ಸ್ಕಾರ್ ಸರೋವರದ ಮಂಜುಗಡ್ಡೆಯ ಮೇಲೆ ಹೋದ ಐಲಿಫ್ ತಿರುಗಿ ಬಂದಿರಲಿಲ್ಲ. ಒಡೆದ ಮಂಜಿನ ಅಂಚಿನಲ್ಲಿ ಅವನ ಟೋಪಿ ಸಿಕ್ಕಿತ್ತು. ಅವನನ್ನು ಹುಡುಕಲು ನೀರಿಗಿಳಿದವರಲ್ಲಿ ಇಂಗುನ್‌ಳ ಗಂಡ ಓಸ್ಮುನ್ ಒಬ್ಬ. ಐಲಿಫ್ ಸಿಗಲಿಲ್ಲ. ಓಸ್ಮುನ್ ಸಿಕ್ಕ, ಮರುದಿನ, ಹಗ್ಗದ ತುದಿಯಲ್ಲಿ.

ನಾಳೆ ಭಾನುವಾರ ಚರ್ಚಿನ ಅಂಗಳದಲ್ಲಿ ಓಸ್ಮುನ್‌ನ ಪಕ್ಕದಲ್ಲೇ ಐಲಿಫನಿಗೂ ಒಂದು ಕಲ್ಲು ನಿಲ್ಲಿಸುವುದಿತ್ತು. ಕೆಳಗೆ ಹೂಳಲು ಏನೂ ಇಲ್ಲದ ಬರೀ ಕಲ್ಲು.

“ಸರೋವರದ ತಳದಲ್ಲಿರಬೇಕಾದ ಸ್ಕೀ ನಿನ್ನ ಕಂಕುಳಿಗೆ ಹೇಗೆ ಬಂತು?” ಇಂಗುನ್‌ಳ ದನಿಗೆ ಅಕ್ಕಪಕ್ಕದವರು ಬೂಟು ಹುಡುಕುವುದನ್ನು ನಿಲ್ಲಿಸಿದರು.

“ನಡೆದುಕೊಂಡಂತೂ ಬರಲಿಲ್ಲ. ಆ ಸಾಲಲ್ಲಿ ನೇತಾಡ್ತಿತ್ತು, ತಗೊಂಡೆ. ಐವತ್ತು ಕ್ರೋನರ್! ಪಟ್ಟಣದಲ್ಲಿ ಆ ದುಡ್ಡಿಗೆ ಒಂದು ಕಾಫಿ ಬರುತ್ತೆ, ಅದೂ ಹಾಲಿಲ್ಲದೆ.”

“ರಣಹದ್ದು.”

“ಏನಂದೆ?”

“ರಣಹದ್ದು ಅಂದೆ. ಇನ್ನೂ ಜೋರಾಗಿ ಬೇಕಾ?”

ಸಿಗ್ವಾರ್ಟ್‌ನ ಕಿವಿ ಕೆಂಪಾದವು. ಮೂವತ್ತು ವರ್ಷದಿಂದ ಈ ಸಂತೆ ನಡೆಸುವವನು ಅವನೇ, ಮೈಕ್ ಹಿಡಿದು ಊರನ್ನು ನಗಿಸುವವನೂ ಅವನೇ. ಆದರೆ ಸತ್ತವರ ಮನೆಗೆ ಹೂವಿಗಿಂತ ಮೊದಲು ತಲುಪುವವನೂ ಅವನೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಓಸ್ಮುನ್‌ನನ್ನು ಮಣ್ಣು ಮಾಡಿದ ವಾರದಲ್ಲೇ ಬಾಗಿಲು ತಟ್ಟಿ, “ಅವನ ಸೈಕಲ್ ಮಾರೋದಾದ್ರೆ ಬೇರೆಯವರಿಗೆ ಮಾತು ಕೊಡಬೇಡ,” ಎಂದಿದ್ದ. ಇಂಗುನ್ ಅವತ್ತು ಬಾಗಿಲು ಹಾಕಿಕೊಂಡಿದ್ದಳು. ಆ ಸಿಟ್ಟು ಮಾತ್ರ ಹೊರಗೆ ಹೋಗದೆ ಒಳಗೇ ಉಳಿದಿತ್ತು.

ವಾಫಲ್ ಮೇಜಿನಿಂದ ಹಿಟ್ಟಿನ ಸೌಟು ಹಿಡಿದೇ ಬಂದವಳು ತೋರ್ಡಿಸ್, ಐಲಿಫನ ಅಕ್ಕ. ಗಿಡ್ಡ ಹೆಂಗಸು, ನಡಿಗೆ ಮಾತ್ರ ದಂಡಿಗೆ ಹೊರಟವಳದು. ಈ ಎಂಟು ತಿಂಗಳಲ್ಲಿ ಇಂಗುನ್ ಒಬ್ಬಳೇ ಕೂತು ಕಾಫಿ ಕುಡಿದ ಸಂಜೆಗಳು ಕಡಿಮೆ. ಒಂದೋ ಇವಳ ಅಡುಗೆಮನೆಗೆ ತೋರ್ಡಿಸ್ ಬರುತ್ತಿದ್ದಳು, ಇಲ್ಲವೇ ತೋರ್ಡಿಸ್ ಮನೆಗೆ ಇವಳು.

“ತೋರ್ಡಿಸ್, ನೋಡಿಲ್ಲಿ,” ಇಂಗುನ್ ಸ್ಕೀ ಕಿತ್ತುಕೊಂಡು ಅಡ್ಡ ಹಿಡಿದಳು. “ನಿಮ್ಮಪ್ಪನ ಕೈ.”

ತೋರ್ಡಿಸ್ ನೋಡಿದಳು. ಸೌಟಿನಿಂದ ಹಿಟ್ಟು ನೆಲಕ್ಕೆ ತೊಟ್ಟಿಕ್ಕಿತು.

“ಅವನದಲ್ಲ.”

“ಮೂರು ಗೀರು ಕಣೇ.”

“ಈ ಕಣಿವೇಲಿ ಚಾಕು ಇಟ್ಕೊಂಡಿದ್ದ ಅಪ್ಪ ನಮ್ಮಪ್ಪ ಒಬ್ಬನೇನಾ? ಅವನದಲ್ಲ ಅಂದ್ರೆ ಅಲ್ಲ!” ತೋರ್ಡಿಸ್ ಕಿರುಚಿದಳು. “ನಾಳೆ ಕಲ್ಲು ನಿಲ್ಲಿಸ್ತಿದೀವಿ. ಇವತ್ತು ಮತ್ತೆ ಅವನನ್ನ ನೀರಿಂದ ಎಳೀಬೇಡ ಇಂಗುನ್. ನಿನ್ನ ಕಾಲಿಗೆ ಬೀಳ್ತೀನಿ. ಸಿಗ್ವಾರ್ಟ್ ಕೊಂಡಿದಾನಾ? ಕೊಂಡ್ಕೊಳ್ಳಲಿ. ತಗೊಂಡು ಹೋಗ್ಲಿ!”

ಸೌಟು ಬೀಸುತ್ತ ತಿರುಗಿ ಹೋದಳು. ಅವಳ ಸಂಕಟವನ್ನೂ ಇಂಗುನ್ ಸಿಗ್ವಾರ್ಟ್‌ನ ಲೆಕ್ಕಕ್ಕೇ ಸೇರಿಸಿದಳು.

“ಒಳಗೆ ನಡಿ,” ಎಂದು ಅವನ ತೋಳು ಹಿಡಿದಳು.

ಒಳಗೆ ಎಂದರೆ ಚೆಂಡು, ಚಾಪೆ, ಹಗ್ಗ ತುಂಬಿದ್ದ ಆಟದ ಸಾಮಾನಿನ ಕೋಣೆ. ಸಿಗ್ವಾರ್ಟ್ ಗೋಡೆಗೆ ಒರಗಿಸಿದ್ದ ದಪ್ಪ ಚಾಪೆಗೆ ಬೆನ್ನು ಕೊಟ್ಟು, ತುಟಿ ಬಿಗಿದು, ಕುತ್ತಿಗೆ ಉದ್ದ ಮಾಡಿ ಇಂಗುನ್‌ಳ ದನಿಯಲ್ಲೇ, “‘ಎರಡನೇ ಸಲ ಹೇಳ್ತಿದೀನಿ’,” ಎಂದ. ಹೋಲಿಕೆ ಎಷ್ಟು ಚೊಕ್ಕವಾಗಿತ್ತೆಂದರೆ ಇಂಗುನ್‌ಗೆ ತನ್ನನ್ನೇ ಹೊಡೆಯಬೇಕೆನಿಸಿತು.

“ಇನ್ನೊಂದು ಸಲ ನನ್ನ ದನಿ ತೆಗೆದ್ರೆ ನಿನ್ನ ದನಿ ಇರಲ್ಲ. ಯಾರು ತಂದಿಟ್ರು ಇದನ್ನ?”

“ಗೊತ್ತಿದ್ರೆ ಹೇಳ್ತಿರಲಿಲ್ವಾ? ಚೀಟೀಲಿ ಮಾರೋರ ನಂಬರ್ ಹಾಕೋ ಜಾಗ ಖಾಲಿ ಇತ್ತು. ಬೆಲೆ ಮಾತ್ರ ಇತ್ತು.”

“ಖಾಲಿ ಇದ್ರೂ ಕೊಂಡೆ.”

“ಐವತ್ತು ಕ್ರೋನರ್ ಕಣೇ ಪೊಲೀಸಮ್ಮ! ನಂಬರ್ ಕೇಳ್ತಾ ನಿಂತ್ರೆ ಪಕ್ಕದವನು ಹೊಡ್ಕೊಂಡು ಹೋಗ್ತಾನೆ. ಸೋಮವಾರ ನನ್ನ ವ್ಯಾನ್ ರಾಜಧಾನಿಗೆ ಹೋಗೋದು ನಿನಗೆ ಗೊತ್ತಿಲ್ವಾ? ಅಲ್ಲಿ ಇದಕ್ಕೆ ಮೂರು ಸಾವಿರ ನಗ್ತಾ ನಗ್ತಾ ಕೊಡ್ತಾರೆ.”

“ಅಥವಾ ಎಂಟು ತಿಂಗಳಿಂದ ನಿನ್ನ ಹತ್ರಾನೇ ಇತ್ತು. ದಡದಲ್ಲಿ ಬಿದ್ದಿತ್ತು, ಎತ್ಕೊಂಡೆ, ಬಾಯಿ ಮುಚ್ಕೊಂಡೆ. ದಡದಲ್ಲಿ ಸ್ಕೀ ಇದೆ ಅಂತ ಒಂದು ಮಾತು ಹೇಳಿದ್ದಿದ್ರೆ,” ಇಂಗುನ್ ಸ್ಕೀಯನ್ನು ನೆಲಕ್ಕೆ ಕುಟ್ಟಿದಳು, “ಯಾರೂ ಆ ನೀರಿಗೆ ಇಳೀಬೇಕಾಗಿರಲಿಲ್ಲ.”

ಸಿಗ್ವಾರ್ಟ್ ಈಗ ತಮಾಷೆ ಮಾಡಲಿಲ್ಲ.

“ಇಂಗುನ್, ನಾನು ಜಿಪುಣ. ಹದ್ದು ಅಂತಾನೂ ಅನ್ನು, ನಿನ್ನ ಬಾಯಿ. ಆದ್ರೆ ಸ್ವಲ್ಪ ತಲೆ ಓಡಿಸು. ನನ್ನದೇ ಸಾಮಾನಾಗಿದ್ರೆ ಇಡೀ ಊರ ಮುಂದೆ ನೇತು ಹಾಕಿ ನಾನೇ ಕೊಂಡ್ಕೋತಿದ್ನಾ? ನೇರವಾಗಿ ವ್ಯಾನಿಗೆ ಹಾಕ್ತಿರಲಿಲ್ವಾ?”

ಸಿಟ್ಟು ಬಂದಾಗ ಬೇರೆಯವರ ಮಾತು ಸರಿ ಇರುವುದು ಎಂಥ ಹಿಂಸೆ!

“ಇನ್ನೊಂದು,” ಎಂದ ಸಿಗ್ವಾರ್ಟ್, ಹಳೆ ಸಾಮಾನಿನ ವಿಷಯ ಬಂದದ್ದೇ ಹುರುಪು ಏರಿ. “ಬೆಲೆ ಗೊತ್ತಿಲ್ದೋರು ಯಾವತ್ತೂ ಕಮ್ಮಿ ಹಾಕಲ್ಲ, ಜಾಸ್ತಿ ಹಾಕ್ತಾರೆ. ತುಕ್ಕು ಹಿಡಿದ ಸೈಕಲ್ ತಂದು ‘ನಮ್ಮ ತಾತ ಓಡಿಸಿದ್ದು’ ಅಂತ ಎರಡು ಸಾವಿರ ಕೇಳ್ತಾರೆ. ಐವತ್ತು ಅಂತ ಹಾಕಿದೋರಿಗೆ ದುಡ್ಡು ಬೇಕಿರಲಿಲ್ಲ. ಇದು ಮಾರೋ ಬೆಲೆ ಅಲ್ಲ, ಓಡಿಸೋ ಬೆಲೆ.”

“ಬಾಗಿಲು ತೆರೆಯೋ ಮೊದಲೇ ನೀನು ಹೊಡ್ಕೋಬೇಕು. ಸೋಮವಾರ ಅದು ಕಣಿವೆ ದಾಟಿರಬೇಕು.”

“ಹೂಂ ಮತ್ತೆ. ನನಗೇ ಅಂತ ಗಾಳ ಹಾಕಿದಾರೆ. ನಾನೂ ಬಾಯಿ ತೆರೆದು ಕಚ್ಚಿದೀನಿ.”

ನಿನ್ನೆ ಸಂಜೆ ಸಾಮಾನು ಒಪ್ಪಿಸಿಕೊಳ್ಳುವುದು ಮುಗಿದ ಮೇಲೆ ಎಲ್ಲ ಸ್ಕೀಗಳನ್ನೂ ಇಂಗುನ್ ತಾನೇ ನೋಡಿದ್ದಳು. ಆಗ ಇದು ಇರಲಿಲ್ಲ. ಆಮೇಲೆ ಒಳಗೆ ಬಂದವರೆಂದರೆ ದುಡಿದವರು ಮಾತ್ರ. ತಂದಿಟ್ಟ ಕೈ ಯಾವುದೋ ಏಪ್ರನ್ನಿನಲ್ಲೇ ಒರೆಸಿಕೊಂಡ ಕೈ.

“ಆ ಸೈಕಲ್ಲೂ ಹಂಗೇ,” ಸಿಗ್ವಾರ್ಟ್ ಗೊಣಗಿದ. “ತೋರ್ಡಿಸ್ ಮಾರೋಕೆ ಇಟ್ಟಿದಾಳಲ್ಲ, ಐಲಿಫನ ಸೈಕಲ್ಲು. ನೂರು ಕ್ರೋನರ್! ಹುಚ್ಚೀ, ಇನ್ನೊಂದು ಸೊನ್ನೆ ಸೇರಿಸು ಅಂದೆ. ಬೇಗ ಹೋದ್ರೆ ಸಾಕು ಅಂದ್ಲು.”

“ತಮ್ಮನ್ನ ಕಳಕೊಂಡವಳು ಅವಳು! ನಿನ್ನ ಥರ ಸೊನ್ನೆ ಎಣಿಸ್ತಾ ಕೂರ್ತಾಳಾ?” ಇಂಗುನ್ ಚಾಪೆಗೆ ಗುದ್ದಿದಳು. ಸಿಗ್ವಾರ್ಟ್ ಎರಡೂ ಕೈ ಎತ್ತಿದ.

ಸ್ಕೀಯನ್ನು ಆ ಕೋಣೆಯಲ್ಲೇ ಇಟ್ಟು, ಅವನನ್ನು ಹೊರಗೆ ಕಳಿಸಿ ಅವಳು ಬೀಗ ಹಾಕಿದಳು. ಕಾಲುಗಳು ಮಾತ್ರ ಕೇಳದೆ ಸೈಕಲ್ ಸಾಲಿನತ್ತ ಹೋದವು.

ಐಲಿಫನ ಸೈಕಲ್ ಕೊನೆಯಲ್ಲಿತ್ತು. ಸೀಟು ಇಂಗುನ್‌ಳ ಪಕ್ಕೆಲುಬಿನ ಮಟ್ಟಕ್ಕೆ ಬರುತ್ತಿತ್ತು. ಅಷ್ಟುದ್ದ ಕಾಲಿನವರು ಕಣಿವೆಯಲ್ಲಿ ಬೇರಾರೂ ಇರಲಿಲ್ಲ. “ಅವನು ಹೋದ ದಿನದಿಂದ ಶೆಡ್ಡಲ್ಲೇ ನಿಂತಿದೆ, ಮುಟ್ಟೋಕೆ ನನಗೆ ಕೈ ಬರಲ್ಲ,” ಎಂದು ತೋರ್ಡಿಸ್ ಕಾಫಿ ಆರಿ ಹೋಗುವಷ್ಟು ಹೊತ್ತು ಅತ್ತಿದ್ದಳು.

ಇಂಗುನ್ ಮುಂದಿನ ಟೈರಿನ ಮೇಲೆ ಬೆರಳಾಡಿಸಿದಳು. ನುಣ್ಣಗಿತ್ತು.

ಮಾರ್ಚ್‌ನಲ್ಲಿ ರಸ್ತೆ ಗಾಜಿನಂತಿರುತ್ತದೆ. ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವ ಮೊಳೆ ಟೈರು ಹಾಕದೆ ಸೈಕಲ್ ಹೊರಗೆ ತೆಗೆಯುವವನು ಸೀದಾ ಆಸ್ಪತ್ರೆಗೇ ತುಳಿಯಬೇಕು. ಐಲಿಫನ ಸೈಕಲ್ಲಿಗೂ ಮೊಳೆ ಟೈರೇ ಇತ್ತು. ಇಂಗುನ್‌ಗೆ ಅದು ಚೆನ್ನಾಗಿ ನೆನಪಿತ್ತು. ಐಲಿಫ್ ಕಾಣೆಯಾದ ವಾರ ಶೆಡ್ಡು ತಪಾಸಣೆ ಮಾಡುವಾಗ ಅದೇ ಮೊಳೆ ತಗುಲಿ ಅವಳ ಅಂಗೈ ಗೀರಿ ರಕ್ತ ಬಂದಿತ್ತು. ತೋರ್ಡಿಸ್ ತಾನೇ ಬಟ್ಟೆ ಕಟ್ಟಿದ್ದಳು.

“ಏನು ಹುಡುಕ್ತಿದೀಯ?” ಹಿಂದೆ ತೋರ್ಡಿಸ್ ನಿಂತಿದ್ದಳು.

“ಟೈರು ಬದಲಾಗಿದೆ.”

“ಮಾರೋಕೆ ಅಂತ ನಾನೇ ಬದಲಾಯಿಸಿದೆ. ಮೊಳೆ ಟೈರಿನ ಸೈಕಲ್ ಯಾರು ತಗೋತಾರೆ?”

ಯಾರು ತಗೋತಾರೆ! ಚಳಿಗಾಲ ಬಾಗಿಲಲ್ಲಿರುವಾಗ ಊರಿಗೆ ಊರೇ ಹುಡುಕುವುದು ಅದನ್ನೇ.

“ನಿನಗೆ ಮುಟ್ಟೋಕೇ ಕೈ ಬರಲ್ಲ ಅಂತಿದ್ದೆ.”

“ಬಂತು ಈಗ! ಬರಿಸ್ಕೊಂಡೆ! ನೀನು ನಿನ್ನ ಗಂಡನ ಬಟ್ಟೆ ಮಡಿಸಿ ಇಡಲಿಲ್ವಾ? ಅದಕ್ಕೆ ಕೈ ಎಲ್ಲಿಂದ ಬಂತು?” ತೋರ್ಡಿಸ್‌ಳ ಕಣ್ಣಲ್ಲಿ ನೀರು ಚಿಮ್ಮಿತು. “ಕಳ್ಳನ್ನ ಬಿಟ್ಟು ನನ್ನ ಟೈರು ತಡವ್ತಿದೀಯಲ್ಲ, ಇದೇನಾ ನಿನ್ನ ಪೊಲೀಸ್ ಬುದ್ಧಿ?”

ಕೆನ್ನೆಗೆ ಹೊಡೆಸಿಕೊಂಡಂತೆ ಇಂಗುನ್ ನಿಂತಳು. ತೋರ್ಡಿಸ್ ಹೋದ ಮೇಲೆ, ನಾಚಿಕೆಯಾಗುತ್ತಿದ್ದರೂ, ಮಂಡಿಯೂರಿ ಸೈಕಲ್ಲಿನ ಹೊಟ್ಟೆಯ ಕೆಳಗೆ ನೋಡಿದಳು.

ಮಡ್‌ಗಾರ್ಡಿನ ಒಳಮೈಗೆ ಡಾಂಬರಿನ ಹನಿಗಳು ಸಿಡಿದು ಅಂಟಿದ್ದವು. ಕಪ್ಪಗೆ, ಹೊಳಪಾಗಿ, ನಡುನಡುವೆ ಸಣ್ಣ ಜಲ್ಲಿ.

ಈ ಕಣಿವೆಯಲ್ಲಿ ಹೊಸ ಡಾಂಬರು ಬಿದ್ದದ್ದು ಒಂದೇ ಕಡೆ, ಗುಡ್ಡದ ಮೇಲಿನ ಬೇಸಿಗೆ ಗುಡಿಸಲುಗಳಿಗೆ ಹೋಗುವ ದಾರಿಗೆ. ಬಿದ್ದದ್ದು ಆಗಸ್ಟಿನಲ್ಲಿ. ಅಲ್ಲಿಯವರೆಗೆ ಅದು ಬರೀ ಮಣ್ಣು.

ಅಂದರೆ ಆಗಸ್ಟಿನಲ್ಲಿ ಈ ಸೈಕಲ್ ಗುಡ್ಡ ಹತ್ತಿದೆ. ಹತ್ತಿಸಿದವರು ಸೀಟು ಇಳಿಸಿಲ್ಲ. ಪೆಡಲಿಗೆ ಪಾದ ಎಟುಕದ ತೋರ್ಡಿಸ್ ಅಲ್ಲ. ಸಾಸೇಜಿನಂಥ ಕಾಲಿನ ಸಿಗ್ವಾರ್ಟ್ ಅಂತೂ ಅಲ್ಲವೇ ಅಲ್ಲ.

ಯಾರೋ ಉದ್ದ ಕಾಲಿನ ಕಳ್ಳ, ಎಂದುಕೊಂಡಳು ಇಂಗುನ್. ಶೆಡ್ಡಿನ ಬೀಗ ಒಡೆಯದೆ ಸೈಕಲ್ ಒಯ್ದು, ಓಡಿಸಿ, ವಾಪಸು ತಂದಿಟ್ಟ ಕಳ್ಳ. ಇಂಥ ಸಭ್ಯ ಕಳ್ಳನನ್ನು ಅವಳ ತಲೆಯೇ ಒಪ್ಪಲಿಲ್ಲ. ಇನ್ನೊಂದು ಯೋಚನೆ ಬಾಗಿಲು ತಟ್ಟುತ್ತಿತ್ತು. ಅದಕ್ಕೆ ಬಾಗಿಲು ತೆರೆಯಲು ಅವಳಿಗೆ ಧೈರ್ಯವಾಗಲಿಲ್ಲ. ತೆರೆದರೆ ಓಸ್ಮುನ್ ಯಾರಿಗಾಗಿ ನೀರಿಗಿಳಿದನೆಂದು ಕೇಳಬೇಕಾಗುತ್ತಿತ್ತು.

ಅಷ್ಟರಲ್ಲಿ ಹಾಲಿನ ಬಾಗಿಲು ತೆರೆಯಿತು. ಊರು ನುಗ್ಗಿತು.

ಮಕ್ಕಳ ಬೂಟಿಗೆ ಎರಡು ಕೈಗಳು ಒಟ್ಟಿಗೆ ಬಿದ್ದವು. “ನಾನು ಮೊದಲು ನೋಡಿದ್ದು!” “ನೋಡಿದ್ದಕ್ಕೇನು, ಹಿಡಿದಿದ್ದು ನಾನು!” ಸಿಗ್ವಾರ್ಟ್ ಸೈಕಲ್ ಸಾಲಿನ ಪಕ್ಕದ ಬೆಂಚು ಹತ್ತಿ ಮೈಕ್ ಹಿಡಿದ. ಪಾದ್ರಿಯ ಮೂಗಿನ ದನಿಯಲ್ಲಿ ಒಂದು ಜಾರುಬಂಡಿಯನ್ನು ಆಶೀರ್ವದಿಸಿ ಮಾರಿದ. ಬ್ಯಾಂಕಿನ ಮ್ಯಾನೇಜರನಂತೆ ಕೆಮ್ಮಿ ಕೆಮ್ಮಿ ಒಂದು ಹೆಲ್ಮೆಟ್ಟಿಗೆ ಸಾಲ ನಿರಾಕರಿಸಿದ. ಜನ ಬಿದ್ದು ಬಿದ್ದು ನಕ್ಕರು.

ಆಮೇಲೆ ಕುತ್ತಿಗೆ ಉದ್ದ ಮಾಡಿ, “ಕೆಳಗಿಡು!” ಎಂದ.

ದುಡಿದವರೆಲ್ಲ ಹೋ ಎಂದರು. ಇಂಗುನ್ ಹಲ್ಲು ಕಚ್ಚಿದಳು. ಎಲ್ಲರ ಮುಂದೆ ಹದ್ದು ಅನ್ನಿಸಿಕೊಂಡವನು ಸುಮ್ಮನಿರುವ ಕುಳವಲ್ಲ ಎಂದು ಅವಳಿಗೆ ಗೊತ್ತಿರಬೇಕಿತ್ತು. ಆದರೆ ಅವನ ಕೈ ಐಲಿಫನ ಸೈಕಲ್ಲಿನ ಸೀಟಿನ ಮೇಲೆ ಬಿದ್ದದ್ದನ್ನು, ಅವನು ವಾಫಲ್ ಮೇಜಿನತ್ತ ತಿರುಗಿ ಕಣ್ಣು ಮಿಟುಕಿಸಿದ್ದನ್ನು ಅವಳು ತಡವಾಗಿ ನೋಡಿದಳು.

ಮೈಕಿನಿಂದ ಹೊಮ್ಮಿದ್ದು ಇನ್ನೊಂದು ದನಿ. ತೆಳ್ಳಗೆ, ಎತ್ತರಕ್ಕೆ, ಕಂಚು ಬಡಿದಂತೆ ಕಣಕಣ.

“ಹಳೇದು ಅನ್ನಬೇಡ್ರೋ, ಪಳಗಿದ್ದು ಅನ್ನಿ! ಏನಕ್ಕಾ, ನನ್ನ ಸೈಕಲ್ಲು ನೂರೇ ಕ್ರೋನರಾ? ನೀರಲ್ಲಿದ್ರೇನು, ನನಗೆ ಕಿವಿ ಕೇಳಲ್ವಾ?”

ಪ್ರತಿ ವರ್ಷ ಇದೇ ಹಾಲಿನಲ್ಲಿ, ಇದೇ ಮಾತು ಕೂಗುತ್ತ ಚೌಕಾಸಿ ಮಾಡುತ್ತಿದ್ದವನು ಐಲಿಫ್. ಇದು ಅವನದೇ ದನಿ, ಕೂದಲೆಳೆಯ ವ್ಯತ್ಯಾಸವಿಲ್ಲದೆ.

ಬೂಟು ಎಳೆದಾಡುತ್ತಿದ್ದ ಹೆಂಗಸರು ಬೂಟು ಬಿಟ್ಟರು. ಯಾರೋ “ಅಯ್ಯೋ ದೇವರೇ” ಎಂದರು. ಒಂದು ಮಗು ಅಳತೊಡಗಿತು.

ಇಂಗುನ್ ಜನರನ್ನು ಸೀಳಿಕೊಂಡು ಹೋದಳು. ಸ್ಕೀ ಸಾಲೊಂದು ಧಡಧಡ ಉರುಳಿತು. ಬೆಂಚಿನ ಮೇಲಿದ್ದವನನ್ನು ಕಾಲರ್ ಹಿಡಿದು ಕೆಳಗೆಳೆದು ಮೈಕ್ ಕಿತ್ತುಕೊಂಡಳು.

“ನಾಚಿಕೆ ಇದೆಯೇನೋ ನಿನಗೆ? ಅವಳೆದುರಿಗೇ! ನಾಳೆ ಕಲ್ಲು ನಿಲ್ಲಿಸೋಳೆದುರಿಗೆ!” ಎತ್ತಿದ ಕೈ ಇನ್ನೇನು ಅವನ ಮುಖಕ್ಕೆ ಇಳಿಯಬೇಕು.

ಆಗ ನಗು ಕೇಳಿಸಿತು.

ಹಾಲಿನ ಆ ತುದಿಯಿಂದ, ವಾಫಲಿನ ಹೊಗೆಯ ಹಿಂದಿನಿಂದ. ಮೊದಲು ಬಿಕ್ಕಳಿಕೆಯಂತೆ, ಆಮೇಲೆ ತಡೆಯಲಾರದೆ ಉಕ್ಕಿ. ತೋರ್ಡಿಸ್ ಮೇಜಿಗೆ ಆತುಕೊಂಡು, ಹೊಟ್ಟೆ ಹಿಡಿದುಕೊಂಡು, ಸೌಟಿನಿಂದ ಪಾತ್ರೆ ಬಡಿಯುತ್ತ ನಗುತ್ತಿದ್ದಳು. ಇಡೀ ಬೆಳಗು ಸಿಗ್ವಾರ್ಟ್‌ನ ಯಾವ ಹಾಸ್ಯಕ್ಕೂ ಯಾರೂ ಹಾಗೆ ನಕ್ಕಿರಲಿಲ್ಲ.

ಪಾಪ, ತಲೆ ಕೆಟ್ಟಿತು ಎಂದು ಪಕ್ಕದವಳು ಬೆನ್ನು ಸವರಲು ಹೋದಳು. ತೋರ್ಡಿಸ್ ಅವಳ ಕೈ ತಳ್ಳಿ, ಕಣ್ಣೀರು ಒರೆಸಿಕೊಳ್ಳುತ್ತ ಹಾಲಿನ ಉದ್ದಕ್ಕೂ ಕೂಗಿದಳು:

“ಸಿಗ್ವಾರ್ಟ್, ಅದು ಹೋದ ವರ್ಷದ ಐಲಿಫ್ ಕಣೋ! ಈಗೆಲ್ಲಿದೆ ಅವನಿಗೆ ಆ ಗಂಟಲು, ಗುಡ್ಡದ ಚಳೀಲಿ ಕಾಗೆ ಥರ ಕರಕರ ಅಂತ—”

ಸೌಟು ಹಿಟ್ಟಿನೊಳಗೆ ಬಿತ್ತು.

ಇಂಗುನ್‌ಳ ಎತ್ತಿದ ಕೈ ಗಾಳಿಯಲ್ಲೇ ನಿಂತಿತ್ತು. ಇನ್ನೊಂದು ಕೈಯಲ್ಲಿದ್ದ ಮೈಕ್ ಆರಿರಲಿಲ್ಲ. ಅವಳ ಉಸಿರು ಹಾಲಿನ ನಾಲ್ಕೂ ಗೋಡೆಗಳಿಗೆ ಬಡಿದು ಎಲ್ಲರಿಗೂ ಕೇಳಿಸುತ್ತಿತ್ತು. ಒಂದು, ಇನ್ನೊಂದು, ಮತ್ತೊಂದು.

ತೋರ್ಡಿಸ್ ಹಿಟ್ಟು ಮೆತ್ತಿದ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ಇಂಗುನ್‌ಳ ಕಣ್ಣಿಗೆ ಸಿಕ್ಕಿಬಿದ್ದಿತ್ತು, ಅದರಲ್ಲಿ ನಗು ಇರಲಿಲ್ಲ. ಆದರೆ ಬೆರಳುಗಳ ಸಂದಿಯಿಂದ ಅದು ಇನ್ನೂ ಜೋರಾಗಿ, ಇನ್ನೂ ಜೋರಾಗಿ ಚಿಮ್ಮುತ್ತಲೇ ಇತ್ತು.